ಕಲಬುರಗಿಯಲ್ಲಿ ಫ್ಲೈ ಫಿಶಿಂಗ್ ಮೇಳ ಮಾಡೋಣ, ಆದರೆ ಭೀಮೆಯ ಮೀನು ಮೊದಲು

ಭೀಮಾತೀರ (ಕಲಬುರಗಿ)

ಎಲ್ಲರಿಗೂ ಶರಣು.

ಬರುವ ಜನವರಿಯಲ್ಲಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸೇರಿ ಒಂದು ಮೇಳ ಮಾಡಬೇಕು ಅಂತ ನಾವು ಕೆಲವು ಗೆಳೆಯರು ಯೋಚಿಸುತ್ತಿದ್ದೇವೆ. ವಿಷಯ ಫ್ಲೈ ಫಿಶಿಂಗ್. ಅದರ ಜೊತೆಗೆ ನದಿ ಮತ್ತು ಮೀನು ಉಳಿಸುವ ಕೆಲಸ. ಇನ್ನೂ ಯಾವುದೂ ಪಕ್ಕಾ ಆಗಿಲ್ಲ. ಪಕ್ಕಾ ಆಗುವ ಮೊದಲೇ ನಿಮ್ಮ ಮಾತು ಕೇಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಫ್ಲೈ ಫಿಶಿಂಗ್ ಅಂದರೇನು ಅಂತ ಕೇಳುವವರು ಇರುತ್ತಾರೆ. ನಮ್ಮ ಕಡೆ ಗಾಳಕ್ಕೆ ಎರೆಹುಳು ಇಲ್ಲವೇ ಹಿಟ್ಟಿನ ಉಂಡೆ ಸಿಕ್ಕಿಸುತ್ತೇವೆ, ಸೀಸದ ಗುಂಡು ಕಟ್ಟಿ ದೂರ ಎಸೆಯುತ್ತೇವೆ. ಗುಂಡಿನ ಭಾರಕ್ಕೆ ದಾರ ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗುಂಡು ಇಲ್ಲ, ಎರೆಹುಳು ಇಲ್ಲ. ಸಣ್ಣ ಗಾಳಕ್ಕೆ ಗರಿ, ಉಣ್ಣೆ, ನೂಲು ಸುತ್ತಿ ಹುಳುವಿನ ರೂಪ ಕೊಡುತ್ತಾರೆ, ಅದೇ ಫ್ಲೈ. ಅದಕ್ಕೆ ತೂಕವೇ ಇರುವುದಿಲ್ಲ. ಅದಕ್ಕೆ ದಾರವನ್ನೇ ದಪ್ಪ ಮಾಡಿ, ಆ ದಾರದ ತೂಕವನ್ನೇ ಕೋಲಿನಿಂದ ಹಿಂದೆ ಮುಂದೆ ಬೀಸಿ, ಹುಳು ನೀರಿನ ಮೇಲೆ ಮೆತ್ತಗೆ ಕೂರುವ ಹಾಗೆ ಬಿಡುತ್ತಾರೆ. ಕಲಿಯಲು ನೀರೇ ಬೇಕಿಲ್ಲ. ಮೈದಾನದ ಹುಲ್ಲಿನ ಮೇಲೆ ನಿಂತು ಬೀಸುವುದನ್ನು ಕಲಿಯಬಹುದು.

ಅಮೆರಿಕದಲ್ಲಿ ಚಳಿಗಾಲ ಬಂತೆಂದರೆ ಊರೂರಲ್ಲಿ ಇಂಥ ಮೇಳ ನಡೆಯುತ್ತವೆ. ಸಭಾಂಗಣದ ನಡುವೆ ಉದ್ದನೆಯ ನೀರಿನ ತೊಟ್ಟಿ, ಅಲ್ಲಿ ಬೀಸಿ ತೋರಿಸುವವರು, ಸುತ್ತ ಹುಳು ಕಟ್ಟುವವರ ಮೇಜು, ಮಕ್ಕಳ ಮೂಲೆ, ನದಿ ಕಾಯುವ ಸಂಘಗಳ ಮಳಿಗೆ. ಅಲ್ಲಿ ಗಾಳ ಹಾಕುವವರೇ ನದಿ ಕಾಯುವವರೂ ಆಗಿದ್ದಾರೆ. 1959ರಲ್ಲಿ ಮಿಶಿಗನ್‌ನ ಓಸೇಬಲ್ ನದಿ ದಂಡೆಯಲ್ಲಿ ಕೆಲವು ಗಾಳಗಾರರು ಸೇರಿ ಟ್ರೌಟ್ ಅನ್‌ಲಿಮಿಟೆಡ್ ಅನ್ನುವ ಸಂಘ ಕಟ್ಟಿದರು. ತೊಟ್ಟಿಯಲ್ಲಿ ಸಾಕಿದ ಮರಿ ತಂದು ಸುರಿಯುವುದನ್ನು ಬಿಟ್ಟು ನದಿಯನ್ನೇ ಚೆನ್ನಾಗಿ ಇಡಿ, ಮೀನು ತಾನಾಗಿ ಹೆಚ್ಚುತ್ತದೆ ಎಂಬುದು ಅವರ ವಾದ.

ನನ್ನ ಆಸೆಯೂ ಅದೇ. ರಾಡು, ರೀಲು ಮಾರುವವರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಮೇಳದ ನಡುಮಧ್ಯದ ಜಾಗ ಭೀಮಾ, ಕಾಗಿಣಾ, ಮಾಂಜ್ರಾ, ಕೃಷ್ಣೆಯ ಮೀನಿಗೆ ಸಿಗಬೇಕು. ಮತ್ತು ಆ ಮೀನು ಬಲ್ಲ ಅಂಬಿಗರಿಗೆ.

ಭೀಮೆಯ ಮೀನು ಅಂದರೆ ಸುಮ್ನೆ ಅಲ್ಲ. ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ದಖನ್ನಿನ ಮೀನುಗಳನ್ನು ಒಂದೊಂದಾಗಿ ನೋಡಿ ಬರೆದಿಟ್ಟ. ದಖನ್ ಮಹಸೀರ್ ಎಂಬ ದೊಡ್ಡ ನದಿಮೀನಿಗೆ 1839ರಲ್ಲಿ ವಿಜ್ಞಾನದ ಹೆಸರು ಸಿಕ್ಕಿದ್ದು ಪುಣೆ ಹತ್ತಿರದ ಮುಳಾ-ಮುಠಾ ನದಿಯ ಮೀನಿನಿಂದ. ಆ ನದಿ ಬಂದು ಸೇರುವುದು ಭೀಮೆಗೆ. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು ಕೃಷ್ಣೆಗೆ ಸೇರುವ ನದಿ ಇದು. ಅದರ ಕೊನೆಯ ಪಾಲು ನಮ್ಮದು.

ಹೇಳಿ, ಏನು ಇರಬೇಕು, ಏನು ಇರಬಾರದು?

ಕಾಗಿಣಾ ದಂಡೆ (ಸೇಡಂ)

ಅಣ್ಣಾ, ವಿಚಾರ ಚಲೋ ಇದೆ. ಒಂದು ಪ್ರಶ್ನೆ. ಫ್ಲೈ ಫಿಶಿಂಗ್ ವಿಡಿಯೋಗಳಲ್ಲೆಲ್ಲ ಟ್ರೌಟ್ ಮೀನೇ ಕಾಣುತ್ತದೆ. ನಮ್ಮ ಬಿಸಿಲಿಗೆ ಅದು ಬದುಕುತ್ತದೆಯೇ? ಇಲ್ಲಿ ಯಾವ ಮೀನಿಗೆ ಬೀಸುವುದು?

ಕಾರಂಜಾ (ಬೀದರ್)

ನಾನು ಮೀನುಗಾರಿಕೆ ಓದಿದವ, ಹಾಗಾಗಿ ಉತ್ತರಿಸುತ್ತೇನೆ.

ಟ್ರೌಟ್ ಇಲ್ಲಿ ಸಾಧ್ಯವೇ ಇಲ್ಲ. ಅದು ತಣ್ಣೀರಿನ ಮೀನು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು. ಬ್ರಿಟಿಷರು ಅದನ್ನು ತಂದು ಬಿಟ್ಟಿದ್ದು ಕಾಶ್ಮೀರ, ನೀಲಗಿರಿಯಂಥ ಜಾಗದಲ್ಲಿ. ಆದರೆ ಫ್ಲೈಗೆ ಟ್ರೌಟೇ ಬೇಕು ಅಂತ ಇಲ್ಲ. ಹುಳು, ಮಿಡತೆ, ಸಣ್ಣ ಮೀನು ತಿನ್ನುವ ಯಾವ ಮೀನಾದರೂ ಆಗುತ್ತದೆ. ಉತ್ತರಾಖಂಡದ ರಾಮಗಂಗಾದಲ್ಲಿ ಮಹಸೀರ್‌ಗೆ ಇದೇ ಕೋಲು ಬೀಸುತ್ತಾರೆ. ನಮ್ಮ ಕೆರೆಗಳಲ್ಲಿ ಕೊರವ ಮೀನು ಇದೆ, ಕಪ್ಪೆಯಂಥದ್ದು ನೀರ ಮೇಲೆ ಆಡಿದರೆ ಹಾರಿ ಬರುತ್ತದೆ. ಚಿಕ್ಕ ಬೆಳ್ಳಿ ಮೀನುಗಳು ಸಂಜೆ ಹೊತ್ತು ನೀರಿನ ಮೇಲೆ ಬಿದ್ದ ಹುಳು ಹೆಕ್ಕುತ್ತವೆ. ಕಲಿಯುವವರಿಗೆ ಅವು ಸಾಕು.

ಕೊರವದ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಗಂಡು ಹೆಣ್ಣು ಎರಡೂ ಮರಿಗಳನ್ನು ಕಾಯುತ್ತವೆ. ಕೆಂಪಗಿನ ಮರಿಗಳ ಗುಂಪು ನೀರಿನ ಮೇಲೆ ಬಂದು ಹೋಗುತ್ತಿರುತ್ತದೆ, ಕೆಳಗೆ ದೊಡ್ಡವು ಇರುತ್ತವೆ. ಗಾಳ ಹಾಕುವವರು ಆ ಗುಂಪು ಕಂಡಲ್ಲೇ ಹಾಕುತ್ತಾರೆ, ಏಕೆಂದರೆ ಮರಿ ಕಾಯುವ ಮೀನು ಸಿಟ್ಟಿಗೆ ಬಂದು ಕಚ್ಚುತ್ತದೆ. ಅದನ್ನು ಎತ್ತಿದರೆ ಇಡೀ ಮರಿಗುಂಪು ಬೇರೆ ಮೀನಿನ ಪಾಲು. ಮರಿ ಕಂಡರೆ ಗಾಳ ಹಾಕಬಾರದು ಅನ್ನುವುದನ್ನು ಮೇಳದ ಮೊದಲ ಪಾಠ ಮಾಡಿ.

ಇನ್ನೊಂದು. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದೇ ನಮ್ಮ ಬೀದರ್‌ನಲ್ಲಿ. ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲಿದೆ, ನಿಜ. ಆದರೂ ನಮ್ಮ ಊರ ವಿಶ್ವವಿದ್ಯಾಲಯದವರನ್ನು ಕೇಳದೆ ಈ ಮೇಳ ಮಾಡಬೇಡಿ.

ಜೋಳದ ರೊಟ್ಟಿ (ಆಳಂದ)

ತಮ್ಮಂದಿರಾ, ನಾನು ಮೀನು ತಿನ್ನುವವಳಲ್ಲ, ತಿನ್ನುವವರನ್ನು ಬೈಯುವವಳೂ ಅಲ್ಲ. ಹೊಟ್ಟೆಗೆ ಹಿಡಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಗಾಳ ಹಾಕಿ, ಎಳೆದು, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು ಯಾಕೆ? ಆ ಜೀವಕ್ಕೆ ಸುಮ್ಮನೆ ತ್ರಾಸು ಅಲ್ವಾ? ಅದಕ್ಕೆ ಸಂರಕ್ಷಣೆ ಅಂತ ಹೆಸರು ಬೇರೆ. ನನಗೆ ಇದು ಒಪ್ಪುವುದಿಲ್ಲ.

ಭೀಮಾತೀರ (ಕಲಬುರಗಿ)

ಅಕ್ಕಾ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಮೀನಿಗೆ ತ್ರಾಸು ಇಲ್ಲ ಅಂತ ನಾನು ಹೇಳುವುದಿಲ್ಲ. ತ್ರಾಸು ಎಷ್ಟು ಕಡಿಮೆ ಮಾಡಬಹುದು ಅನ್ನುವುದು ನಮ್ಮ ಕೈಯಲ್ಲಿದೆ.

ಗಾಳದ ತುದಿಯಲ್ಲಿ ಹಿಮ್ಮುಖದ ಸಣ್ಣ ಮುಳ್ಳು ಇರುತ್ತದೆ, ಮೀನಿನ ಬಾಯಿ ಹರಿಯುವುದು ಅದರಿಂದ. ಇಕ್ಕಳದಿಂದ ಅದನ್ನು ಒತ್ತಿ ಮಟ್ಟ ಮಾಡಿದರೆ ಗಾಳ ಸಲೀಸಾಗಿ ಬಿಡುತ್ತದೆ. ಒಣ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ. ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಹೊದಿಕೆ. ಹಾಗಾಗಿ ಕೈ ಒದ್ದೆ ಇರಬೇಕು, ಮೀನು ನೀರಿನಲ್ಲೇ ಇರಬೇಕು, ಫೋಟೋ ಬೇಕೇ ಬೇಕು ಅಂದರೆ ಒಂದೆರಡು ಉಸಿರಿನ ಹೊತ್ತು ಅಷ್ಟೇ. ಗಂಟಿಲ್ಲದ ರಬ್ಬರ್ ಬಲೆ ಬೇಕು. ಮತ್ತು ಬಿಸಿಲುಕಾಲದಲ್ಲಿ ಹಿಡಿದು ಬಿಡುವ ಆಟವೇ ಬೇಡ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ದಣಿದ ಮೀನು ಅಂಥ ನೀರಿನಲ್ಲಿ ಈಜಿ ಹೋದ ಹಾಗೆ ಕಾಣುತ್ತದೆ, ಆಮೇಲೆ ಎಲ್ಲೋ ಸಾಯುತ್ತದೆ. ಮಾರ್ಚ್ ಬಂತೆಂದರೆ ಕೋಲು ಮಡಚಿ ಇಡಬೇಕು.

ಮೇಳದ ದಿನ ಜೀವಂತ ಮೀನು ಹಿಡಿಯುವ ಸ್ಪರ್ಧೆ ಇರುವುದಿಲ್ಲ. ಇದನ್ನು ಈಗಲೇ ಮಾತು ಕೊಡುತ್ತೇನೆ. ಹುಲ್ಲಿನ ಮೇಲೆ ಬಳೆ ಇಟ್ಟು, ದಾರದ ತುದಿಗೆ ಉಣ್ಣೆ ಕಟ್ಟಿ, ಬಳೆಯೊಳಗೆ ಬೀಳಿಸುವ ಪಂದ್ಯ ಇಡುತ್ತೇವೆ.

ಜೋಳದ ರೊಟ್ಟಿ (ಆಳಂದ)

ಸ್ಪರ್ಧೆ ಇಲ್ಲ ಅಂದಿದ್ದು ಒಳ್ಳೆಯದಾಯಿತು. ಉಳಿದಿದ್ದು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಕೇಳುತ್ತೇನೆ.

ಅಂಬಿಗರ ಮನೆ (ಯಾದಗಿರಿ)

ನಾನು ಭೀಮೆ ದಂಡೆಯ ಅಂಬಿಗರ ಮನೆಯವ. ಅಪ್ಪ ಈಗಲೂ ಬಲೆ ಹಾಕುತ್ತಾರೆ. ನಾನು ಪಟ್ಟಣದಲ್ಲಿ ಕೆಲಸ ಮಾಡುತ್ತೇನೆ. ಇಷ್ಟು ಹೊತ್ತು ಓದಿದೆ, ಈಗ ಬರೆಯುತ್ತೇನೆ.

ಮೊದಲು ಒಂದು ಸಂಕಟ ಹೇಳಬೇಕು. ಸಂರಕ್ಷಣೆ ಅನ್ನುವ ಮಾತು ಬಂದಾಗೆಲ್ಲ ನಮ್ಮವರಿಗೆ ಅಂಜಿಕೆ ಆಗುತ್ತದೆ. ಯಾರೋ ಪಟ್ಟಣದಿಂದ ಬರುತ್ತಾರೆ, ಸಾವಿರಾರು ರೂಪಾಯಿಯ ಕೋಲು ಹಿಡಿದು ದಂಡೆ ಮೇಲೆ ನಿಲ್ಲುತ್ತಾರೆ, ಆಮೇಲೆ ನಮಗೇ ಬಲೆ ಹಾಕಬೇಡಿ ಅನ್ನುತ್ತಾರೆ. ನಿಮಗೆ ಅದು ಆಟ, ನಮಗೆ ಅದು ಊಟ. ಈ ಮೇಳ ಆ ದಾರಿ ಹಿಡಿದರೆ ನಾನೇ ಎದುರು ನಿಲ್ಲುತ್ತೇನೆ.

ಆದರೆ ಮೀನು ಕಡಿಮೆ ಆಗಿರುವುದು ಖರೆ. ಅಪ್ಪನ ಕಾಲದಲ್ಲಿ ಬಾಳೆ ಮೀನು ಹೆಗಲ ಮೇಲೆ ಹೊತ್ತು ತರುವಷ್ಟು ದೊಡ್ಡದು ಸಿಗುತ್ತಿತ್ತಂತೆ. ಈಗ ಬಲೆ ತುಂಬ ಜಿಲೇಬಿ ಮೀನು (ತಿಲಾಪಿಯಾ). ಯಾಕೆ ಕಡಿಮೆ ಆಯಿತು ಅಂತ ಕೇಳಿದರೆ ಅಪ್ಪ ಒಂದೇ ಕಾರಣ ಹೇಳುವುದಿಲ್ಲ. ಮಳೆಗಾಲದ ಮೊದಲ ಹೊಸ ನೀರಿಗೆ ಮೀನು ಮೇಲಕ್ಕೆ ಹತ್ತುತ್ತದೆ, ಮೊಟ್ಟೆ ಇಡಲು. ದಾರಿಯಲ್ಲಿ ಬ್ಯಾರೇಜ್ ಸಿಗುತ್ತದೆ. ಸೊನ್ನ, ಘತ್ತರಗಿ, ಸನ್ನತಿ, ಗುರುಸಣಗಿ, ಹೀಗೆ ಒಂದಾದ ಮೇಲೊಂದು. ಹತ್ತಲಾರದೆ ಗೇಟಿನ ಕೆಳಗೆ ಗುಂಪಾಗಿ ನಿಲ್ಲುತ್ತವೆ. ಅಲ್ಲೇ ಜನ ಬಾಚುತ್ತಾರೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು. ಆಮೇಲೆ ಉಸುಕು. ಉಸುಕು, ಗರಸು ಇದ್ದ ಕಡೆ ಮೊಟ್ಟೆ ನಿಲ್ಲುತ್ತದೆ. ಅದನ್ನೇ ಲಾರಿಗೆ ತುಂಬಿದರೆ ಉಳಿಯುವುದು ಕೆಸರು. ಮೂರನೆಯದು ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಬಲೆ. ನಮ್ಮವರೂ ಹಾಕುತ್ತಾರೆ, ಮುಚ್ಚಿಡುವುದಿಲ್ಲ. ದೊಡ್ಡ ಮೀನು ಸಿಗದಿದ್ದಾಗ ಕೈ ಸಣ್ಣದಕ್ಕೆ ಹೋಗುತ್ತದೆ.

ಸಿಡಿಮದ್ದು ಹಾಕುವವರು, ಬ್ಲೀಚಿಂಗ್ ಪೌಡರ್ ಸುರಿಯುವವರು ಬೇರೆ. ಅದಕ್ಕೆ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ತಡೆ ಇದೆ. ಮದ್ದು ಸಿಡಿದರೆ ಮೇಲೆ ತೇಲುವುದು ಸ್ವಲ್ಪ, ತಳಕ್ಕೆ ಹೋಗಿ ಕೊಳೆಯುವುದು ಜಾಸ್ತಿ. ಇದನ್ನು ರಾತ್ರಿ ಮಾಡುತ್ತಾರೆ. ನೋಡುವವರು ಯಾರು? ದಂಡೆಯ ಮೇಲೆ ಮಲಗುವವರು ನಾವೇ. ನದಿ ಕಾಯಲು ಜನ ಬೇಕು ಅಂದರೆ ಮೊದಲು ನಮ್ಮ ಓಣಿಗೆ ಬಂದು ಕೂತು ಮಾತಾಡಿ.

ಭೀಮಾತೀರ (ಕಲಬುರಗಿ)

ತಮ್ಮಾ, ನೀನು ಹೇಳಿದ್ದನ್ನು ಹಾಗೆಯೇ ಮೇಳದಲ್ಲಿ ನಿಮ್ಮ ತಂದೆಯವರು ಹೇಳಬೇಕು. ವೇದಿಕೆಯ ಮೊದಲ ಮಾತು ಅವರದು. ಬಲೆ ಹಾಕಬೇಡಿ ಅನ್ನುವ ಮಾತು ಈ ಮೇಳದಲ್ಲಿ ಬರುವುದಿಲ್ಲ.

ಕಬ್ಬಿನ ಹೊಲ (ಅಫಜಲಪುರ)

ಎಲ್ಲ ಚಲೋ. ಆದರೆ ನೀರೇ ಇಲ್ಲದ ನದಿಗೆ ಮೀನಿನ ಮೇಳ ಯಾಕ್ರೀ? ಏಪ್ರಿಲ್‌ನಲ್ಲಿ ಬಂದು ನೋಡಿ. ಮೇಲೆ ಉಜನಿ ಅಣೆಕಟ್ಟೆಯಿಂದ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇತ್ತ 2020ರ ಅಕ್ಟೋಬರ್‌ನಲ್ಲಿ ಸೊನ್ನ ಬ್ಯಾರೇಜಿನಿಂದ 8 ಲಕ್ಷ ಕ್ಯೂಸೆಕ್ ಮೀರಿ ನೀರು ಹೋಯಿತು, ಊರು, ಹೊಲ ಎಲ್ಲ ಮುಳುಗಿದವು. ಒಂದೋ ಪ್ರವಾಹ, ಇಲ್ಲವೇ ಬಂಡೆ. ಕುಡಿಯಲು ನೀರಿಗೆ ಟ್ಯಾಂಕರ್ ಕಾಯುವ ಹಳ್ಳಿಯಲ್ಲಿ ಮೀನಿನ ಮಾತು ಆಡಿದರೆ ಜನ ಸಿಟ್ಟಾಗುತ್ತಾರೆ. ನಾನು ಮೋಟಾರ್ ಹಚ್ಚಿ ನದಿ ನೀರು ಎತ್ತುವವನೇ. ಬೆಳೆ ಒಣಗುವಾಗ ಮೀನು ನೆನಪಾಗುವುದಿಲ್ಲ.

ಅಂಬಿಗರ ಮನೆ (ಯಾದಗಿರಿ)

ಕಾಕಾ, ನಿಮ್ಮ ಮಾತು ಸರಿ. ಆದರೆ ನದಿ ಪೂರ್ತಿ ಬತ್ತುವುದಿಲ್ಲ. ಮಡುಗಳು ಇರುತ್ತವೆ.

ಓದುವವರಿಗೆ ಬಿಡಿಸಿ ಹೇಳುತ್ತೇನೆ. ನದಿ ತಿರುಗುವ ಕಡೆ, ಬಂಡೆ ಸಂದಿಯಲ್ಲಿ, ನೀರು ಕೊರೆದು ಆಳ ಮಾಡಿದ ಜಾಗಗಳಿರುತ್ತವೆ. ಸುತ್ತ ಉಸುಕು ಒಣಗಿ ಬಿರಿದರೂ ಮಡುವಿನಲ್ಲಿ ಮಳೆಗಾಲದ ತನಕ ನೀರು ನಿಲ್ಲುತ್ತದೆ. ತಳ ತಣ್ಣಗಿರುತ್ತದೆ. ಇಡೀ ಪಾತ್ರದ ಮೀನು ಅಲ್ಲಿ ಬಂದು ಸೇರುತ್ತದೆ. ಜೂನ್ ನೀರಿಗೆ ಮತ್ತೆ ನದಿ ತುಂಬ ಹರಡುವುದು ಇದೇ ಮೀನು. ಒಂದು ಮಡು ಹಾಳಾದರೆ ಅದರ ಮೇಲೆ ಕೆಳಗೆ ಎಷ್ಟೋ ದೂರದ ಮೀನು ಹೋಯಿತು ಅಂತಲೇ ಲೆಕ್ಕ. ಮದ್ದು ಹಾಕುವವರು ಬೇಸಿಗೆಯಲ್ಲಿ ಮಡುವಿಗೇ ಹಾಕುವುದು ಇದಕ್ಕೆ. ಮೋಟಾರ್ ಹಚ್ಚಿದರೆ ಕೊನೆಗೆ ಖಾಲಿಯಾಗುವುದೂ ಅದೇ.

ನದಿ ತುಂಬ ನೀರು ತರುವುದು ನಮ್ಮ ಕೈಯಲ್ಲಿಲ್ಲ. ಊರಿಗೊಂದು ಮಡು ಉಳಿಸುವುದು ನಮ್ಮ ಕೈಯಲ್ಲಿದೆ. ತಳದ ಕೊನೆಯ ಆಳುದ್ದ ನೀರು ಎತ್ತಬಾರದು, ಹತ್ತಿರ ಉಸುಕು ತೆಗೆಯಬಾರದು, ಮಾರ್ಚ್‌ನಿಂದ ಮಳೆ ಬರುವ ತನಕ ಬಲೆಯೂ ಬೇಡ ಗಾಳವೂ ಬೇಡ. ಊರಿನವರೇ ಕೂತು ಮಾತಾಡಿದರೆ ಇಷ್ಟು ಆಗುತ್ತದೆ.

ಕಬ್ಬಿನ ಹೊಲ (ಅಫಜಲಪುರ)

ಹಾಗೆ ಹೇಳಿದರೆ ತಲೆಗೆ ಹೋಗುತ್ತದೆ. ನಮ್ಮೂರ ಹತ್ತಿರವೂ ಒಂದು ಮಡು ಇದೆ. ಎತ್ತು ಕುಡಿಯುವುದು, ಬಟ್ಟೆ ಒಗೆಯುವುದು ಎಲ್ಲ ಬೇಸಿಗೆಯಲ್ಲಿ ಅಲ್ಲೇ. ಮೀನಿಗಾಗಿ ಅಂದರೆ ಜನ ಕೇಳಲಿಕ್ಕಿಲ್ಲ, ದನಕ್ಕೂ ನೀರು ಉಳಿಯುತ್ತದೆ ಅಂದರೆ ಕೇಳುತ್ತಾರೆ. ಮೇಳಕ್ಕೆ ರೈತರನ್ನೂ ಕರೆಯಿರಿ. ಮೋಟಾರ್ ಇರುವವರು ಇಲ್ಲದೆ ಮಡು ಮಾತು ಮುಗಿಯುವುದಿಲ್ಲ.

ಭೀಮಾತೀರ (ಕಲಬುರಗಿ)

ಇದೇ ಮೇಳದ ತಿರುಳು ಆಗಲಿ. ಒಂದು ಗೋಡೆಯ ತುಂಬ ಭೀಮೆ, ಕಾಗಿಣಾ, ಮಾಂಜ್ರಾ ನಕಾಶೆ ಹಾಕೋಣ. ಬಂದ ಪ್ರತಿಯೊಬ್ಬರೂ ತಮ್ಮೂರ ಮಡು ಎಲ್ಲಿದೆ ಅಂತ ಗುರುತು ಮಾಡಲಿ. ಸಂಜೆಯ ಹೊತ್ತಿಗೆ ಮೂರು ಜಿಲ್ಲೆಯ ಮಡುಗಳ ನಕಾಶೆ ತಯಾರಾಗುತ್ತದೆ.

ಅಂಬಿಗರ ಮನೆ (ಯಾದಗಿರಿ)

ಅಣ್ಣಾ, ಇದು ಬೇಡ. ಕೈ ಮುಗಿದು ಹೇಳುತ್ತೇನೆ. ಬೇಸಿಗೆಯಲ್ಲಿ ಮೀನೆಲ್ಲ ಎಲ್ಲಿ ಸೇರುತ್ತದೆ ಅನ್ನುವುದನ್ನು ಗೋಡೆ ಮೇಲೆ ಹಾಕಿದರೆ, ಮೊದಲು ಫೋಟೋ ತೆಗೆದುಕೊಂಡು ಹೋಗುವವನು ಮದ್ದು ಹಾಕುವವನು. ನಮ್ಮವರು ಮಡು ಎಲ್ಲಿದೆ ಅಂತ ಪಕ್ಕದ ಊರವರಿಗೂ ಸುಲಭಕ್ಕೆ ಹೇಳುವುದಿಲ್ಲ.

ಕಾರಂಜಾ (ಬೀದರ್)

ಅವರು ಹೇಳುವುದು ನೂರಕ್ಕೆ ನೂರು ಸರಿ. ಅಪರೂಪದ ಜೀವಿ ಎಲ್ಲಿದೆ ಅನ್ನುವ ವಿವರವನ್ನು ಸಂಶೋಧಕರೂ ಎಷ್ಟೋ ಸಲ ಮುಚ್ಚಿಡುತ್ತಾರೆ. ನಕಾಶೆ ಊರಿನ ಕೈಯಲ್ಲೇ ಇರಲಿ. ಮೇಳದಲ್ಲಿ ಮಡು ಅಂದರೇನು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ದೊಡ್ಡ ಮಾದರಿ ಮಾಡಿ ತೋರಿಸಿದರೆ ಸಾಕು. ಜಾಗದ ಹೆಸರು ಬೇಡ.

ಭೀಮಾತೀರ (ಕಲಬುರಗಿ)

ಸರಿ, ನಕಾಶೆ ಕೈಬಿಟ್ಟೆವು. ಮಾದರಿ ಮಾಡೋಣ.

ಮಾಸ್ತರ್ (ಸುರಪುರ)

ಮಕ್ಕಳ ಮೂಲೆಯ ಜವಾಬ್ದಾರಿ ನನಗೆ ಕೊಡಿ. ಮಕ್ಕಳಿಗೆ ಕೋಲು ಕೊಡುವ ಮೊದಲು ಕಲ್ಲು ತಿರುಗಿಸಿ ನೋಡುವುದನ್ನು ಕಲಿಸಬೇಕು. ಹರಿಯುವ ಹಳ್ಳದ ಕಲ್ಲಿನ ಕೆಳಗೆ ಸಣ್ಣ ಹುಳುಗಳು ಅಂಟಿಕೊಂಡಿರುತ್ತವೆ. ಮೇಫ್ಲೈ ಮರಿಗಳು ಸಿಕ್ಕರೆ ನೀರು ಸ್ವಚ್ಛ ಇದೆ ಅಂತ ಅರ್ಥ. ಬರೀ ಕೆಂಪು ಹುಳು ಸಿಕ್ಕರೆ ನೀರಿನಲ್ಲಿ ಕೊಳೆ ಜಾಸ್ತಿ, ಆಮ್ಲಜನಕ ಕಡಿಮೆ. ಆ ಕೆಂಪು ಬಣ್ಣ ಬರುವುದು ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಂಥದ್ದರಿಂದಲೇ. ಕಡಿಮೆ ಆಮ್ಲಜನಕದಲ್ಲೂ ಉಸಿರಾಡಲು ಅದು ಸಹಾಯ ಮಾಡುತ್ತದೆ. ಯಂತ್ರ ಬೇಡ, ರಾಸಾಯನಿಕ ಬೇಡ, ಬಿಳಿ ತಟ್ಟೆ ಮತ್ತು ಒಂದು ಭೂತಗನ್ನಡಿ ಸಾಕು. ಫ್ಲೈ ಕಟ್ಟುವವರು ಅನುಕರಣೆ ಮಾಡುವುದೂ ಇದೇ ಹುಳುಗಳನ್ನು. ಮಗು ಮೊದಲು ಹುಳು ನೋಡಲಿ, ಚಿತ್ರ ಬರೆಯಲಿ, ಆಮೇಲೆ ನೂಲು ಸುತ್ತಿ ಅದರ ರೂಪ ಕಟ್ಟಲಿ.

ಇನ್ನು ಬೋನಾಳ ಕೆರೆಯ ಮಾತು. ಸುರಪುರದ ಅರಸರ ಕಾಲದ ಕೆರೆ, ಈಗ ಪಕ್ಷಿಧಾಮ. ಅಂಥ ಕೆರೆಯ ದಂಡೆಗಳಲ್ಲಿ ಹರಿದು ಬಿಸಾಡಿದ ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಅದು ಕೊಳೆಯುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಕೊಕ್ಕರೆ ಒದ್ದಾಡಿದಷ್ಟು ಬಿಗಿಯುತ್ತದೆ. ಸೀಸದ ಗುಂಡೂ ಹಾಗೆಯೇ. ನೀರುಹಕ್ಕಿಗಳು ಹರಳು ಅಂತ ತಿಳಿದು ನುಂಗುತ್ತವೆ. ಇಂಗ್ಲೆಂಡಿನಲ್ಲಿ ಹಂಸಗಳು ಹೀಗೆ ಸತ್ತು ಸತ್ತು, 1987ರಲ್ಲಿ ಗಾಳದ ಸೀಸದ ಗುಂಡುಗಳಿಗೆ ತಡೆ ಹಾಕಿದರು. ನಮ್ಮ ಮೇಳದಲ್ಲಿ ಸೀಸದ ಗುಂಡು ಮಾರಾಟಕ್ಕೆ ಇಡಬಾರದು. ಹಳೆಯ ದಾರ ತಂದು ಹಾಕಲು ಒಂದು ಡಬ್ಬಿ ಇಡಬೇಕು.

ಕಾಗಿಣಾ ದಂಡೆ (ಸೇಡಂ)

ಮಾಸ್ತರ್ ಸಾಹೇಬರೇ, ಮಕ್ಕಳಿಗೆ ಅಂತ ಬರೆದಿದ್ದೀರಿ, ನನಗೂ ಒಂದು ತಟ್ಟೆ ಇಡಿ. ಮಳಖೇಡದ ಹತ್ತಿರ ಕಾಗಿಣಾದಲ್ಲಿ ಕಲ್ಲು ತಿರುಗಿಸಿ ನೋಡಬೇಕು ಅಂತ ಈಗಲೇ ಅನ್ನಿಸುತ್ತಿದೆ.

ಕೋಟೆ ಓಣಿ (ಕಲಬುರಗಿ)

ನನ್ನದೊಂದು ಸಲಹೆ. ಮೇಳದ ಉದ್ಘಾಟನೆಗೆ ಸಚಿವರನ್ನು ಕರೆದು, ಭೀಮೆಗೆ ಮೀನುಮರಿ ಬಿಡಿಸೋಣ. ಒಂದು ಲಕ್ಷ ಮರಿ ಬಿಟ್ಟರೆ ಪೇಪರಿನಲ್ಲಿ ಬರುತ್ತದೆ, ನದಿಗೂ ಒಳ್ಳೆಯದು.

ಕಾರಂಜಾ (ಬೀದರ್)

ಸರ್, ನಿಮ್ಮ ಮನಸ್ಸು ಒಳ್ಳೆಯದು, ಆದರೆ ಇದನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕಾವೇರಿಯಲ್ಲಿ ಗೂನುಬೆನ್ನಿನ ಮಹಸೀರ್ ಇದೆ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. 1946ರಲ್ಲಿ ಮೈಸೂರು ಸೀಮೆಯ ಕಬಿನಿಯಲ್ಲಿ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಸೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ. ಅಂಥ ದೈತ್ಯ ಮೀನುಗಳ ನದಿ ಅದು. ಆ ನದಿಗೆ ಮಹಸೀರ್ ಹೆಚ್ಚಿಸಬೇಕು ಅಂತ ಒಳ್ಳೆಯ ಮನಸ್ಸಿನಿಂದಲೇ ಮರಿ ತಂದು ಬಿಟ್ಟರು. ಯಾವ ಮರಿ? ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ದಖನ್ ಮಹಸೀರ್, ಅಂದರೆ ನಮ್ಮ ಕೃಷ್ಣಾ-ಭೀಮಾ ಕಡೆಯ ಮೀನು. ಅದು ಕಾವೇರಿಯಲ್ಲಿ ಹೆಚ್ಚಾಯಿತು, ಮೂಲದ ಮಹಸೀರ್ ಕಡಿಮೆ ಆಗುತ್ತಾ ಹೋಯಿತು. 2018ರಲ್ಲಿ ಕಾವೇರಿಯ ಮಹಸೀರ್‌ಗೆ ಸರಿಯಾದ ವಿಜ್ಞಾನದ ಹೆಸರು ಖಚಿತವಾಯಿತು. ಅದೇ ವರ್ಷ ಅದು ಐಯುಸಿಎನ್ ಎಂಬ ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಂಚಿನ ಮೀನು ಅಂತ ಸೇರಿತು. ಒಂದು ನದಿಯ ಮಗ ಇನ್ನೊಂದು ನದಿಯಲ್ಲಿ ಪರಕೀಯ, ಅದೂ ಒಂದೇ ರಾಜ್ಯದ ಒಳಗೆ.

ಸಮಾರಂಭಗಳಲ್ಲಿ ಸಾಮಾನ್ಯವಾಗಿ ಬಿಡುವುದು ರೋಹು, ಮೃಗಾಲ್. ಅವು ಉತ್ತರದ ನದಿಗಳ ಮೀನು. ಕೆರೆಯಲ್ಲಿ ಸಾಕಲು ತೊಂದರೆ ಇಲ್ಲ, ಸಂಘದವರಿಗೆ ಅದೇ ಆದಾಯ, ಅದನ್ನು ಬೇಡ ಅನ್ನುತ್ತಿಲ್ಲ. ಆದರೆ ಅದನ್ನು ನದಿಗೆ ಸುರಿದು ಸಂರಕ್ಷಣೆ ಅಂತ ಕರೆಯಬಾರದು. ಜಿಲೇಬಿ ಮೀನನ್ನು 1952ರಲ್ಲಿ ಭಾರತಕ್ಕೆ ತಂದಾಗಲೂ ಉದ್ದೇಶ ಒಳ್ಳೆಯದೇ ಇತ್ತು. ಹೆಣ್ಣು ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ, ಅದಕ್ಕೇ ಅಷ್ಟು ಬೇಗ ಹೆಚ್ಚುತ್ತದೆ. ಈಗ ಅಂಬಿಗರ ಬಲೆಯಲ್ಲಿ ಅದೇ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಕೇಂದ್ರ ಸರ್ಕಾರ 2000ದಲ್ಲೇ ತಡೆ ಹಾಕಿದೆ. ಆದರೂ ಕದ್ದು ಸಾಕುತ್ತಾರೆ, ಪ್ರವಾಹ ಬಂದಾಗ ಹೊಂಡ ಒಡೆದು ನದಿಗೆ ಹೋಗುತ್ತದೆ.

ಸಚಿವರು ಬರುವುದಾದರೆ ಬರಲಿ. ಮರಿ ಬಿಡುವ ಬದಲು ಒಂದು ಮಡು ಕಾಯುವ ಊರಿಗೆ ಹೋಗಿ ಬರಲಿ.

ಕೋಟೆ ಓಣಿ (ಕಲಬುರಗಿ)

ಇಷ್ಟೆಲ್ಲ ಇದೆ ಅಂತ ಯಾರೂ ಹೇಳಿರಲಿಲ್ಲ. ಸಲಹೆ ವಾಪಸ್ ತೆಗೆದುಕೊಂಡೆ. ಈ ಕಾವೇರಿ ಕಥೆಯನ್ನು ದೊಡ್ಡ ಅಕ್ಷರದಲ್ಲಿ ಒಂದು ಮಳಿಗೆಯಲ್ಲಿ ಹಾಕಿ. ನನ್ನಂತೆ ಯೋಚಿಸುವವರು ಬಹಳ ಜನ ಇದ್ದಾರೆ.

ಕುಂಚಾವರಂ ಕಾಡು (ಚಿಂಚೋಳಿ)

ನಮ್ಮ ಕಡೆಯಿಂದ ಮೂರು ಮಾತು.

ಚಿಂಚೋಳಿ ಕಾಡು 2011ರಿಂದ ವನ್ಯಜೀವಿ ಧಾಮ. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ಚೆಂದ ಇವೆ ಅಂತ ಕೋಲು ಹಿಡಿದು ಬರಬೇಡಿ. ಧಾಮದೊಳಗೆ 1972ರ ವನ್ಯಜೀವಿ ಕಾಯ್ದೆ ಇದೆ. ಹಿಡಿದು ಬಿಡುತ್ತೇವೆ ಅಂದರೂ ಅದು ಮೀನು ಹಿಡಿದ ಹಾಗೆಯೇ. ನೋಡಲು ಬನ್ನಿ, ಸಂತೋಷ.

ಇನ್ನು ಗರಿ. ಫ್ಲೈ ಕಟ್ಟುವವರಿಗೆ ನಮ್ಮ ಕಾಡುಕೋಳಿಯ ಕುತ್ತಿಗೆ ಗರಿ ಮೇಲೆ ಹಿಂದಿನಿಂದಲೂ ಆಸೆ. ಬ್ರಿಟಿಷರ ಕಾಲದಲ್ಲಿ ಅದನ್ನು ರಾಶಿಗಟ್ಟಲೆ ಹೊರಗೆ ಸಾಗಿಸಿದರು. ಈಗ ಅದಕ್ಕೆ ಕಾನೂನಿನ ತಡೆ ಇದೆ. ಮೇಳದಲ್ಲಿ ಯಾರಾದರೂ ಕಾಡಿನ ಹಕ್ಕಿಯ ಗರಿ ತಂದರೆ ಒಳಗೆ ಬಿಡಬೇಡಿ. ನಾಟಿಕೋಳಿ ಗರಿ ಸಾಕು, ಹುಂಜದ ಕುತ್ತಿಗೆ ಗರಿ ಹೊಳೆಯುವುದರಲ್ಲಿ ಏನೂ ಕಡಿಮೆ ಇಲ್ಲ. ಮೈ ತುಂಬಲು ದಖನಿ ಕುರಿಯ ಕರಿ ಉಣ್ಣೆ ಇದೆ, ಕಂಬಳಿ ನೇಯುವವರ ಹತ್ತಿರ ಚೂರು ಕೇಳಿದರೆ ಸಿಗುತ್ತದೆ. ಪುಂಡಿ ನಾರು ಸೀಳಿದರೆ ಮಿಡತೆಯ ಕಾಲು ಆಗುತ್ತದೆ. ಇದನ್ನು ನಾನೇ ಕಟ್ಟಿ ತೋರಿಸುತ್ತೇನೆ.

ಮೂರನೆಯದು, ಕೃಷ್ಣೆಯಲ್ಲಿ ಮೊಸಳೆ ಇದೆ. ವಿಡಿಯೋ ನೋಡಿ ಸೊಂಟದ ತನಕ ನೀರಿಗೆ ಇಳಿಯುವ ಹುಡುಗರಿಗೆ ಮೇಳದಲ್ಲೇ ಬಿಡಿಸಿ ಹೇಳಿ. ನಮ್ಮ ಕಡೆ ದಂಡೆ ಮೇಲಿಂದ ಬೀಸುವುದೇ ಸರಿ.

ಜೋಳದ ರೊಟ್ಟಿ (ಆಳಂದ)

ಎಲ್ಲ ಓದಿದೆ. ಮಡು ಮಾತು ನನಗೆ ಬಹಳ ಹಿಡಿಸಿತು. ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮ ಇದೆಯಲ್ಲ. ಸಾವಿರಾರು ಭಕ್ತರು ಸ್ನಾನಕ್ಕೆ ಬರುತ್ತಾರೆ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ದೇವರ ಮೀನು ಅಂತ ಯಾರೂ ಮುಟ್ಟುವುದಿಲ್ಲ. ಶಿಶಿಲದಲ್ಲೂ ಹಾಗೆ. ಸಂಗಮದ ಹತ್ತಿರ ಒಂದಿಷ್ಟು ದೂರ ಹಾಗೆ ಬಿಡಬಹುದು ಅಲ್ವಾ? ಅಲ್ಲಿಯ ಅಂಬಿಗರು ಒಪ್ಪಿದರೆ ಮಾತ್ರ. ಅವರನ್ನು ಬಿಟ್ಟು ಮಾಡಬೇಡಿ. ಮತ್ತೆ ಭಕ್ತರು ಬಿಟ್ಟು ಹೋಗುವ ಬಟ್ಟೆ, ಪ್ಲಾಸ್ಟಿಕ್ ಬಗ್ಗೆಯೂ ಮಾತಾಡಬೇಕು.

ಇನ್ನೊಂದು. ಗಾಳ, ಬಲೆ, ಕೋಲು ಅಂತ ಬರೀ ಗಂಡಸರ ಮಾತೇ ಆಯಿತು. ಮೀನು ಸಂತೆಗೆ ಹೊತ್ತು ಮಾರುವವರು ಹೆಣ್ಣುಮಕ್ಕಳು. ಯಾವ ಮೀನು ಬರುವುದು ನಿಂತಿತು, ಯಾವುದು ಸಣ್ಣದಾಯಿತು ಅನ್ನುವುದು ಅವರ ತಕ್ಕಡಿಗೆ ಗೊತ್ತು. ಅವರಿಗೆ ಒಂದು ಮಳಿಗೆ ಕೊಡಿ. ಅವರು ಮಾಡಿದ ಮೀನಿನ ಸಾರು, ರೊಟ್ಟಿ ಮಾರಲಿ. ನಾನು ತಿನ್ನುವುದಿಲ್ಲ, ಆದರೆ ಗಲ್ಲಾಪೆಟ್ಟಿಗೆ ಹತ್ತಿರ ಕೂತು ಲೆಕ್ಕ ಬರೆಯುತ್ತೇನೆ.

ಅಂಬಿಗರ ಮನೆ (ಯಾದಗಿರಿ)

ಅಕ್ಕಾ, ಇದನ್ನು ಓದಿ ಅವ್ವನಿಗೆ ಹೇಳಿದೆ. ಅವಳು ಬರುತ್ತಾಳಂತೆ. ಅಪ್ಪ ಇನ್ನೂ ಹೂಂ ಅಂದಿಲ್ಲ.

ಭೀಮಾತೀರ (ಕಲಬುರಗಿ)

ಅಕ್ಕಾ, ಆ ಮಳಿಗೆ ಬಾಗಿಲ ಹತ್ತಿರದ ಮೊದಲ ಮಳಿಗೆ ಆಗಿರುತ್ತದೆ. ಸಂಗಮದ ಮಾತಿಗೆ ನಾವೇ ಒಮ್ಮೆ ಗಾಣಗಾಪುರಕ್ಕೆ ಹೋಗಿ ಅಲ್ಲಿಯ ಅಂಬಿಗರ ಜೊತೆ ಕೂರೋಣ.

ದಿನದ ಬಗ್ಗೆ: ಜನವರಿ 21 ಅಂಬಿಗರ ಚೌಡಯ್ಯನವರ ಜಯಂತಿ. ಆ ದಿನ ಸಮಾಜದವರ ಮೆರವಣಿಗೆ ಇರುತ್ತದೆ, ಅದಕ್ಕೆ ಅಡ್ಡ ಬರಬಾರದು. ಅದರ ನಂತರದ ಶನಿವಾರ, ಭಾನುವಾರ ಇಟ್ಟರೆ ಹೇಗೆ? ಬಿಸಿಲು ಕಡಿಮೆ, ಹಳ್ಳಗಳಲ್ಲಿ ತಿಳಿನೀರು ಇರುತ್ತದೆ, ಮಾಸ್ತರಿಗೆ ಹುಳು ಸಿಗುತ್ತವೆ.

ಮಾಸ್ತರ್ (ಸುರಪುರ)

ಶನಿವಾರ ಶಾಲೆ ಅರ್ಧ ದಿನ. ಮಕ್ಕಳನ್ನು ಕರೆತರಲು ಭಾನುವಾರ ಸುಲಭ. ಮಕ್ಕಳ ಮೂಲೆ ಭಾನುವಾರವೇ ಇರಲಿ.

ಕೋಟೆ ಓಣಿ (ಕಲಬುರಗಿ)

ಜಾಗಕ್ಕೆ ಪಂಡಿತ ರಂಗಮಂದಿರ ನೋಡಬಹುದು. ಬೀಸುವ ಪಂದ್ಯಕ್ಕೆ ಯಾವುದಾದರೂ ಕಾಲೇಜಿನ ಮೈದಾನ ಬೇಕು, ಹಿಂದೆ ಮರ, ತಂತಿ ಇರಬಾರದು. ನಾನು ವಿಚಾರಿಸುತ್ತೇನೆ.

ಅಂಬಿಗರ ಮನೆ (ಯಾದಗಿರಿ)

ಅಪ್ಪನ ಜೊತೆ ರಾತ್ರಿ ಮಾತಾಡಿದೆ. ಬರುತ್ತಾರೆ. ಎರಡು ಮಾತು ಹೇಳಿ ಕಳಿಸಿದ್ದಾರೆ. ಒಂದು, ವೇದಿಕೆ ಮೇಲೆ ಶಾಲು ಹೊದಿಸಿ ಎರಡು ನಿಮಿಷಕ್ಕೆ ಇಳಿಸುವುದಾದರೆ ಬೇಡ, ಕೂತು ಮಾತಾಡಲು ಹೊತ್ತು ಕೊಡಬೇಕು. ಎರಡು, ಹರಿಗೋಲು ಮತ್ತು ಬೀಸುಬಲೆ ತರುತ್ತಾರೆ, ಸಾಗಿಸಲು ಗಾಡಿ ಬೇಕು. ಆ ವಿಲಾಯಿತಿ ಕೋಲು ಬೀಸುವವರು ತಮ್ಮ ಬೀಸುಬಲೆಯನ್ನೂ ಒಮ್ಮೆ ಬೀಸಿ ನೋಡಲಿ ಅಂದಿದ್ದಾರೆ.

ಕಬ್ಬಿನ ಹೊಲ (ಅಫಜಲಪುರ)

ಗಾಡಿ ನನ್ನದು ಇದೆ. ಯಾದಗಿರಿಗೆ ಬಂದು ಹೇರಿಕೊಂಡು ಹೋಗುತ್ತೇನೆ. ಡೀಸೆಲ್ ದುಡ್ಡೂ ಬೇಡ. ಬರುವ ದಾರಿಯಲ್ಲಿ ಆ ಹಿರಿಯರ ಹತ್ತಿರ ನಮ್ಮೂರ ಮಡು ವಿಷಯ ಕೇಳಬೇಕು.

ಭೀಮಾತೀರ (ಕಲಬುರಗಿ)

ಮೊದಲ ಬೈಠಕ್ ಈ ಭಾನುವಾರ ಸಂಜೆ ನಾಲ್ಕಕ್ಕೆ, ಅಪ್ಪನ ಕೆರೆ ಉದ್ಯಾನದ ಬಾಗಿಲ ಹತ್ತಿರ. ಕಾರಂಜಾ ತಮ್ಮ ಬೀದರ್‌ನಿಂದ ಬರುವುದು ತಡವಾದರೆ ಅವರ ಮಾತನ್ನು ಕೊನೆಗೆ ಇಡುತ್ತೇವೆ. ಮನೆಯಲ್ಲಿ ಹಳೆಯ ಗಾಳ ಇದ್ದವರು ತನ್ನಿ, ಇಕ್ಕಳ ನಾನು ತರುತ್ತೇನೆ, ಅಲ್ಲೇ ಮುಳ್ಳು ಒತ್ತಿ ಮಟ್ಟ ಮಾಡೋಣ.